ಪಕ್ಕವಾದ್ಯಕ್ಕೆ ಕುಳಿತ ಅಪ್ಪಯ್ಯ

ಪಿಟೀಲಿನ ತಂತಿಯನ್ನು ಹೆಣ್ಣು ಕಂಠಕ್ಕೆ ಹೊಂದುವ ಎತ್ತರದ ಐದೂವರೆ ಮನೆ ಶ್ರುತಿಗೆ ಏರಿಸುವಾಗ ಅಪ್ಪಯ್ಯನ ಮುಖದಲ್ಲಿ ಒಂದು ಬಗೆಯ ಅಳುಕು ಕಾಣುತ್ತಿತ್ತು. ಅವರು ಆಯುಷ್ಯದ ಬಹುಭಾಗ ಗಂಡಸರ ಕಛೇರಿಗಳಿಗೆ ನುಡಿಸಿದವರು. ಒಂದು, ಒಂದೂವರೆ ಮನೆಯ ಶ್ರುತಿಯಲ್ಲಿ ಕೊಂಚ ಸಡಿಲವಾಗಿಯೇ ಇರುವ ತಂತಿಗೆ ಅವರ ಬೆರಳು ಒಗ್ಗಿಹೋಗಿತ್ತು. ಹದಿನೈದರ ಹೊತ್ತಿಗೆ ನನ್ನ ಕಂಠ ಐದೂವರೆಯಲ್ಲಿ ನೆಲೆನಿಂತ ಮೇಲೆ ಅದೇ ವಾದ್ಯವನ್ನು ಬಿಗಿದು, ಕಿವಿಯನ್ನು ತಂತಿಯ ಹತ್ತಿರಕ್ಕೆ ತಂದು, ಬಿರಡೆಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಕೂರುತ್ತಿದ್ದರು. ಎರಡು ಸಲ ತಂತಿ ಕಡಿದು ಅವರ ಕೆನ್ನೆಗೆ ಬಡಿದದ್ದೂ ಉಂಟು. "ನಿನ್ನ್ ಶ್ರುತಿಗೆ ಹತ್ತುದ್ ಅಂದ್ರೆ ಗುಡ್ಡೆ ಹತ್ತಿದಂಗೆ" ಎಂದು ತಮ್ಮ ಕುಂದಾಪ್ರ ಕನ್ನಡದಲ್ಲಿ ಹೇಳಿ ನಗುತ್ತಿದ್ದರು.

ಆ ಮಾತನ್ನು ನಾನು ಬಹಳ ಕಾಲ ತಮಾಷೆಯೆಂದೇ ತಿಳಿದಿದ್ದೆ. ಸಂಗೀತಗಾರರ ಮನೆಯಲ್ಲಿ ಹುಟ್ಟಿದ ಮಕ್ಕಳ ಕುರಿತು ಮಾತಾಡುವವರೆಲ್ಲರೂ ಅಪ್ಪ ಅಮ್ಮಂದಿರು ಮಕ್ಕಳಿಗೆ ಏನು ಕೊಟ್ಟರೆಂದು ಲೆಕ್ಕ ಹಾಕುತ್ತಾರೆ. ರಕ್ತದಲ್ಲೇ ಬಂದದ್ದು, ತೊಟ್ಟಿಲಲ್ಲೇ ಕಲಿತದ್ದು ಎಂಬ ಮಾತುಗಳನ್ನು ನಮ್ಮೂರಿನ ಸಭೆಗಳಲ್ಲಿ ಸ್ವಾಗತ ಭಾಷಣ ಮಾಡುವವರು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಮಗು ಹಾಡಲು ತೊಡಗಿದ ಮೇಲೆ ಅಪ್ಪನ ಸಂಗೀತಕ್ಕೆ ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನಾನು ಕಂಡಂತೆ ಈ ಸಂಬಂಧದಲ್ಲಿ ನಿಜವಾಗಿಯೂ ಹೊಸದು ಹುಟ್ಟುವುದು ಅಲ್ಲಿಯೇ. ಕಲಿಸಿದವರು ತಮ್ಮ ಬೆರಳಿನ, ಉಸಿರಿನ, ಶ್ರುತಿಯ ಅಭ್ಯಾಸವನ್ನು ಕಲಿತವರಿಗಾಗಿ ಬದಲಿಸಿಕೊಳ್ಳಬೇಕಾಗಿ ಬರುವ ಹಂತ ಅದು.

ಅಪ್ಪಯ್ಯ ವೃತ್ತಿಯಿಂದ ಬ್ಯಾಂಕಿನ ಗುಮಾಸ್ತರು. ಉಡುಪಿಯ ಕಲ್ಸಂಕದ ಹತ್ತಿರದ ನಮ್ಮ ಬಾಡಿಗೆ ಮನೆಯಲ್ಲಿ ಸಂಜೆ ಆರರಿಂದ ಒಂಬತ್ತರವರೆಗೆ ಮಕ್ಕಳಿಗೆ ಪಾಠವಿರುತ್ತಿತ್ತು. ಕೊನೆಯ ಪಾಠ ನನ್ನದು. ಅಷ್ಟರಲ್ಲಿ ಅವರಿಗೂ ದಣಿವು, ನನಗೂ ನಿದ್ದೆ. ಆರಂಭದ ಪಾಠಗಳಾದ ಸರಳೆ, ಜಂಟಿ, ಅಲಂಕಾರಗಳೆಲ್ಲ ಮಾಯಾಮಾಳವಗೌಳ ರಾಗದಲ್ಲಿ ಎಲ್ಲರಂತೆ ನನಗೂ ಆದವು. ಆದರೆ ಮೂರನೆಯ ಕಾಲದ ವೇಗದಲ್ಲಿ ಅವರೋಹಣಕ್ಕೆ, ಎಂದರೆ ಸ್ವರಗಳನ್ನು ಇಳಿಸುತ್ತ ಬರುವಾಗ, ನನ್ನ ಆರನೆಯ ಸ್ವರ ಧೈವತ ಪ್ರತಿ ಸಲವೂ ಕುಸಿಯುತ್ತಿತ್ತು. ಅದಕ್ಕೆಂದು ಅವರು ಬೈಂಡು ಮಾಡಿದ ಒಂದು ಇನ್ನೂರು ಪುಟದ ಪುಸ್ತಕದಲ್ಲಿ ಧೈವತದ ಮೇಲೆಯೇ ನಿಂತು ನಿಂತು ಇಳಿಯುವ ವರಸೆಗಳನ್ನು ಬರೆದರು. ಮೊದಲು ನಾಲ್ಕು, ಆಮೇಲೆ ಹತ್ತು, ಕೊನೆಗೆ ನಲವತ್ತರ ಹತ್ತಿರ. ಅದರಲ್ಲಿ ಕೆಲವು ವರಸೆಗಳು ಎಷ್ಟು ಸೊಗಸಾಗಿದ್ದವೆಂದರೆ, ಪಾಠಕ್ಕೆ ಬರುತ್ತಿದ್ದ ದೊಡ್ಡ ಮಕ್ಕಳೂ ಅವನ್ನು ಬರೆದುಕೊಂಡು ಹೋಗುತ್ತಿದ್ದರು. ಒಂದು ಕೃತಿಯನ್ನಾಗಲಿ ವರ್ಣವನ್ನಾಗಲಿ ಎಂದೂ ರಚಿಸದ ಮನುಷ್ಯ, ಮಗಳ ಗಂಟಲಿನ ಒಂದು ದೋಷದ ದೆಸೆಯಿಂದ ರಚನೆಗೆ ಇಳಿದಿದ್ದರು.

ಇದು ನಮ್ಮ ಮನೆಯದೇ ವಿಶೇಷವಲ್ಲ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಓದುವಾಗ. ಜರ್ಮನಿಯ ಜೊಹಾನ್ ಸೆಬಾಸ್ಟಿಯನ್ ಬಾಖ್ 1720ರ ಜನವರಿಯಲ್ಲಿ ತನ್ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್‌ಗಾಗಿ ಇಂಥದೇ ಒಂದು ಪಾಠದ ಪುಸ್ತಕವನ್ನು ಶುರು ಮಾಡಿದ್ದನಂತೆ. ಹುಡುಗನಿಗೆ ಆಗ ಒಂಬತ್ತು ವರ್ಷ. ಯಾವ ಸ್ವರಕ್ಕೆ ಯಾವ ಬೆರಳು ಎಂಬ ಗುರುತಿನಿಂದ ಹಿಡಿದು ಸಣ್ಣ ಸಣ್ಣ ರಚನೆಗಳವರೆಗೆ ಅದರಲ್ಲಿವೆ, ಕೆಲವನ್ನು ಮಗನೇ ತನ್ನ ಕೈಯಲ್ಲಿ ಬರೆದಿದ್ದಾನೆ. ಇಂದು ಜಗತ್ತಿನ ಪಿಯಾನೋ ವಿದ್ಯಾರ್ಥಿಗಳೆಲ್ಲರೂ ಕಲಿಯುವ ಬಾಖ್‌ನ ಎರಡು ಧ್ವನಿಯ ರಚನೆಗಳು ಮೊದಲ ರೂಪದಲ್ಲಿ ಕಾಣಿಸಿಕೊಂಡದ್ದು ಮಗನಿಗೆಂದು ಬರೆದ ಆ ಪುಸ್ತಕದಲ್ಲಿ. ಮಹಾ ರಚನಕಾರನಿಗೂ ಬ್ಯಾಂಕಿನ ಗುಮಾಸ್ತರಿಗೂ ಹೋಲಿಕೆ ಕಟ್ಟುವ ಹುಚ್ಚು ನನಗಿಲ್ಲ. ಆದರೆ ರಾತ್ರಿ ಒಂಬತ್ತರ ಮೇಲೆ, ತೂಕಡಿಸುತ್ತಿರುವ ಮಗುವಿನ ಎದುರು ಪೆನ್ನು ಹಿಡಿದು ಕೂತ ಒಬ್ಬ ಅಪ್ಪನ ಚಿತ್ರ ನನಗೆ ಬಾಖ್ ಇದ್ದ ಊರು ಲೈಪ್‌ಸಿಗ್ಗೋ ಕ್ಯೋಥೆನ್ನೋ ತಿಳಿಯದ ಕಾಲದಿಂದಲೂ ಪರಿಚಿತ.

ಕಲಿತದ್ದನ್ನು ಮಗು ಹಾಗೆಯೇ ಒಪ್ಪಿಸುತ್ತಿರುವವರೆಗೆ ಇಬ್ಬರಿಗೂ ನೆಮ್ಮದಿ. ಹದಿನಾರರಲ್ಲಿ ನಾನು ಆ ನೆಮ್ಮದಿಯನ್ನು ಕೆಡಿಸಿದೆ. ಕಾಲೇಜಿನ ಗೆಳೆಯರ ಜೊತೆ ಸೇರಿ ರಸಮಂಜರಿ ತಂಡವೊಂದರಲ್ಲಿ ಚಿತ್ರಗೀತೆ ಹಾಡಲು ಹೋಗತೊಡಗಿದೆ. ನಮ್ಮ ಕರಾವಳಿಯಲ್ಲಿ ಜಾತ್ರೆಗೂ ಗಣೇಶೋತ್ಸವಕ್ಕೂ ಮದುವೆಗೂ ರಸಮಂಜರಿ ಇರಲೇಬೇಕಾಗಿದ್ದ ಕಾಲ ಅದು. ಅಪ್ಪಯ್ಯ ಬೈಯಲಿಲ್ಲ. ಪಾಠವನ್ನು ನಿಲ್ಲಿಸಿಬಿಟ್ಟರು, ಅಷ್ಟೆ. ಎಂಟು ತಿಂಗಳು ನಮ್ಮ ಮನೆಯ ಕೊನೆಯ ಪಾಠದ ಹೊತ್ತು ಖಾಲಿಯಾಗಿತ್ತು. ಆ ಹೊತ್ತಿನಲ್ಲಿ ಅವರು ಪಿಟೀಲನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪುನಃ ತೆಗೆದು ಒರೆಸುತ್ತಿದ್ದರು ಎಂದು ಅಮ್ಮ ಆಮೇಲೆ ಹೇಳಿದರು. ಮಲ್ಪೆಯ ಒಂದು ಕಾರ್ಯಕ್ರಮದಲ್ಲಿ ನಾನು ಹಾಡುತ್ತಿರುವಾಗ ಜನರ ಹಿಂದೆ, ಚರುಂಬುರಿ ಮಾರುವವನ ಗಾಡಿಯ ಪಕ್ಕದಲ್ಲಿ ಅವರು ನಿಂತಿದ್ದನ್ನು ಕಂಡೆ. ಮರುದಿನ ಬೆಳಿಗ್ಗೆ ಕಾಪಿ ಕುಡಿಯುತ್ತ, ನನ್ನ ಕಡೆ ನೋಡದೆ, "ಮೈಕ್ ಹತ್ರ ಇದ್ರೆ ಮೆಲ್ಲ ಹಾಡುಕಾತ್ತ್. ನಮ್ಮವ್ರಿಗೆ ಅದ್ ಗೊತ್ತಿಲ್ಲೆ" ಎಂದರು. ಅಂದಿನಿಂದ ಪಾಠ ಮತ್ತೆ ಶುರುವಾಯಿತು. ಆ ಮೇಲಿನ ಪಾಠಗಳಲ್ಲಿ ಅವರು ಕಮಾನನ್ನು ಒತ್ತಿ ಎಳೆಯುವುದನ್ನು ಕಡಿಮೆ ಮಾಡಿದ್ದನ್ನು ನಾನು ಗಮನಿಸಿದ್ದೇನೆ. ಮೈಕಿಲ್ಲದ ದೇವಸ್ಥಾನದ ಪೌಳಿಗಳಲ್ಲಿ ಕಲಿತಿದ್ದ ದೊಡ್ಡ ನಾದವನ್ನು ಅವರು ಐವತ್ತು ದಾಟಿದ ಮೇಲೆ, ರಸಮಂಜರಿ ಹಾಡುವ ಮಗಳ ನೆಪದಲ್ಲಿ ಸಣ್ಣದು ಮಾಡಿಕೊಂಡರು.

ಮಕ್ಕಳು ಬೇರೆ ದಾರಿ ಹಿಡಿಯುವ ಮಾತು ಬಂದಾಗಲೆಲ್ಲ ನನಗೆ ಸ್ಯಾಕ್ಸೋಫೋನ್ ವಾದಕ ಕದ್ರಿ ಗೋಪಾಲನಾಥರ ನೆನಪಾಗುತ್ತದೆ. ಅವರು ಹುಟ್ಟಿದ್ದು 1949ರಲ್ಲಿ, ಬಂಟ್ವಾಳ ಕಡೆಯ ಸಜಿಪದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ನಾಗಸ್ವರದಿಂದಲೇ ಶುರು ಮಾಡಿದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಅವರ ಮನಸ್ಸು ಆ ಹಿತ್ತಾಳೆಯ ವಾದ್ಯಕ್ಕೆ ಸೋತಿತು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಆ ಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಕಲಿತು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವಕ್ಕೆ ನುಡಿಸುವವರೆಗೆ ಆ ಮೋಹ ಅವರನ್ನು ಕರೆದೊಯ್ದಿತು. ನಾಗಸ್ವರದಲ್ಲಿ ತೆರೆದ ರಂಧ್ರಗಳಿವೆ. ಬೆರಳನ್ನು ಅರೆಬರೆ ಮುಚ್ಚಿ, ತುಟಿಯ ಒತ್ತಡವನ್ನು ಬದಲಿಸಿ ಸ್ವರವನ್ನು ತೂಗಿಸುವ ಗಮಕವನ್ನು ತರಬಹುದು. ಸ್ಯಾಕ್ಸೋಫೋನಿನಲ್ಲಿ ಕೀಲಿ ಒತ್ತಿದರೆ ಮುಚ್ಚಳ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಅವಕಾಶ ಅದರ ಕಟ್ಟಣೆಯಲ್ಲೇ ಕಡಿಮೆ. ಗೋಪಾಲನಾಥರು ವಾದ್ಯದಲ್ಲಿ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡು ವರ್ಷಗಟ್ಟಲೆ ಅದರ ಮೇಲೆ ದುಡಿದು ಆ ಜಾರುವಿಕೆಯನ್ನು ಸಾಧಿಸಿದರು. ಅವರ ಆಲಾಪನೆಯನ್ನು ಕೇಳುವಾಗ, ಅಪ್ಪನ ವಾದ್ಯವನ್ನು ಬಿಟ್ಟು ಹೋದ ಮಗ ಇಷ್ಟೆಲ್ಲ ಕಷ್ಟಪಟ್ಟು ಹುಡುಕುತ್ತಿದ್ದುದು ಅಪ್ಪನ ವಾದ್ಯದಲ್ಲಿ ಸಲೀಸಾಗಿದ್ದ ನಾದವನ್ನೇ ಅಲ್ಲವೇ ಎಂದು ನನಗೆ ಅನಿಸಿದೆ. ಅವರ ಮಗ ಮಣಿಕಾಂತ್ ಕದ್ರಿ ಚಿತ್ರಸಂಗೀತ ನಿರ್ದೇಶಕರಾದರು. ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಈಗ ನಮ್ಮ ಕಡೆ ಹಲವು ದೇವಸ್ಥಾನಗಳ ಉತ್ಸವಗಳಲ್ಲಿ, ಮದುವೆಗಳಲ್ಲಿ ನಾಗಸ್ವರ ಇರಬೇಕಾದಲ್ಲಿ ಸ್ಯಾಕ್ಸೋಫೋನು ಕೇಳಿಸುತ್ತದೆ. ಒಬ್ಬ ಮಗನ ಹಟ ಒಂದು ಸೀಮೆಯ ಕಿವಿಯನ್ನೇ ಬದಲಿಸಿದ್ದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ನಾಗಸ್ವರ ನುಡಿಸುವವರು ಕಡಿಮೆಯಾದರೆಂಬ ಕೊರಗೂ ಅದರ ಜೊತೆಗೇ ಇದೆ, ಆ ಕೊರಗಿನಲ್ಲಿ ನ್ಯಾಯವೂ ಇದೆ.

ಯಕ್ಷಗಾನದಲ್ಲಿ ಈ ಸಂಬಂಧ ಇನ್ನಷ್ಟು ಬಿಗಿಯಾದದ್ದು. ಆಟಕ್ಕೆ ಪದ ಹಾಡುವ ಭಾಗವತಿಕೆಯಲ್ಲಿ ಮನೆತನದ ಹೆಸರೇ ಶೈಲಿಯ ಹೆಸರಾಗುವುದುಂಟು. ಯಕ್ಷಗಾನದ ದಕ್ಷಿಣದ ಪದ್ಧತಿಯಾದ ತೆಂಕುತಿಟ್ಟಿನಲ್ಲಿ ಬಲಿಪ ಶೈಲಿ ಎಂದರೆ ಸಾಕು, ಆಟ ನೋಡುವವರಿಗೆ ಆ ಏರು ಕಂಠ ಕಿವಿಯಲ್ಲಿ ಮೊಳಗುತ್ತದೆ. ಬಲಿಪ ನಾರಾಯಣ ಭಾಗವತರಿಗೆ ಹೆಸರೂ ವಿದ್ಯೆಯೂ ಬಂದದ್ದು ಅದೇ ಹೆಸರಿನ ಅಜ್ಜನಿಂದ. ಕಟೀಲು ಮೇಳದಲ್ಲಿ ದಶಕಗಳ ಕಾಲ ಪದ ಹೇಳಿದರು. ಮಗ ಬಲಿಪ ಪ್ರಸಾದ ಭಾಗವತರೂ ಅದೇ ದಾರಿಯಲ್ಲಿ ನಡೆದರು. ಆ ಮಗ 2022ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ತೀರಿಕೊಂಡಾಗ ತಂದೆ ಬದುಕಿದ್ದರು. ಮರುವರ್ಷದ ಫೆಬ್ರವರಿಯಲ್ಲಿ ತಂದೆಯೂ ಹೋದರು. ಆ ಸುದ್ದಿಯನ್ನು ಓದಿದ ದಿನ ಅಪ್ಪಯ್ಯ ಪತ್ರಿಕೆಯನ್ನು ಮಡಚಿಟ್ಟು, ಬಹಳ ಹೊತ್ತು ಮಾತಾಡದೆ ಜಗಲಿಯಲ್ಲಿ ಕುಳಿತಿದ್ದರು.

ಉತ್ತರದ ಪದ್ಧತಿಯಾದ ಬಡಗಿನಲ್ಲಿ ಗುಂಡ್ಮಿ ಕಾಳಿಂಗ ನಾವಡರದು ಬೇರೆಯೇ ಕತೆ. ತಂದೆ ರಾಮಚಂದ್ರ ನಾವಡರು ಭಾಗವತರು. ಮಗ ತಂದೆಯಿಂದಲೂ ನಾರ್ಣಪ್ಪ ಉಪ್ಪೂರರಿಂದಲೂ ಪಡೆದದ್ದನ್ನು ಇಟ್ಟುಕೊಂಡೇ ಹೊಸ ರಾಗಗಳನ್ನು, ಹೊಸ ಎಳೆತಗಳನ್ನು ರಂಗಕ್ಕೆ ತಂದು ಡೇರೆ ಮೇಳಗಳ ಪ್ರೇಕ್ಷಕರನ್ನು ಹುಚ್ಚು ಹಿಡಿಸಿದರು. 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೆರಡರ ಆಸುಪಾಸು. ನಾವಡರು ಸಂಪ್ರದಾಯವನ್ನು ಕೆಡಿಸಿದರೋ ಬೆಳೆಸಿದರೋ ಎಂಬ ಜಗಳ ನಮ್ಮ ಕಡೆಯ ಹೋಟೆಲುಗಳಲ್ಲಿ ಈಗಲೂ ನಡೆಯುತ್ತದೆ. ನನ್ನ ಪಕ್ಷವನ್ನು ಇಲ್ಲಿ ಹೇಳಿದರೆ ಅಪ್ಪಯ್ಯನ ಊರಿನ ನೆಂಟರು ಮನೆಗೆ ಬರುವುದನ್ನು ನಿಲ್ಲಿಸಿಯಾರು.

ನನ್ನ ಹತ್ತೊಂಬತ್ತನೆಯ ವರ್ಷದಿಂದ ಅಪ್ಪಯ್ಯ ನನ್ನ ಕಛೇರಿಗಳಿಗೆ ಪಿಟೀಲು ಹಿಡಿದು ಕುಳಿತರು. ಆಗ ಶುರುವಾದ ಫಜೀತಿಯೇ ಬೇರೆ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಪಿಟೀಲಿನವರು ಗಾಯಕರ ನೆರಳು. ರಾಗಾಲಾಪನೆಯಲ್ಲಿ ಗಾಯಕರು ಹಾಡಿದ ಸಂಚಾರವನ್ನು ಒಂದು ಉಸಿರಿನಷ್ಟು ಹಿಂದೆ ನಿಂತು ಹಿಂಬಾಲಿಸಬೇಕು. ಆ ಕ್ಷಣಕ್ಕೆ ಕಟ್ಟಿ ಹಾಡುವ ಕಲ್ಪನಾಸ್ವರದಲ್ಲಿ ಅವರು ಬಿಟ್ಟಲ್ಲಿಂದ ಎತ್ತಿಕೊಂಡು ಉತ್ತರ ಕೊಡಬೇಕು, ಉತ್ತರ ಪ್ರಶ್ನೆಯನ್ನು ಮೀರಬಾರದು. ಮನೆಯಲ್ಲಿ ಎಡವಟ್ಟು ಮಾಡಿದರೆ ಕಮಾನಿನ ತುದಿಯಿಂದ ಮೊಣಕೈಗೆ ತಟ್ಟುತ್ತಿದ್ದವರು ವೇದಿಕೆಯಲ್ಲಿ ನನ್ನ ಎಡವಟ್ಟನ್ನೂ ಹಿಂಬಾಲಿಸಬೇಕಿತ್ತು. ಆದರೆ ಅವರಿಗೆ ಹಿಂಬಾಲಿಸಲು ಬರುತ್ತಿರಲಿಲ್ಲ, ಯಾಕೆಂದರೆ ನಾನು ಮುಂದೆ ಹಾಡುವುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ನಾನು ಷಡ್ಜ ಮುಟ್ಟುವ ಮೊದಲೇ ಅವರ ಬೆರಳು ಅಲ್ಲಿರುತ್ತಿತ್ತು. ಕೇಳುವವರಿಗೆ ಅದು ಅದ್ಭುತ ಹೊಂದಾಣಿಕೆ. ನನಗೆ ಅದು ಯಾರೋ ನನ್ನ ಪತ್ರವನ್ನು ನಾನು ಬರೆಯುವ ಮೊದಲೇ ಓದಿ ಮುಗಿಸಿದಂತೆ ಇರುತ್ತಿತ್ತು.

ಹಿಂದೂಸ್ತಾನಿಯಲ್ಲಿ ಇದಕ್ಕೆ ಬೇರೆ ಏರ್ಪಾಡು ಇದೆ. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರ ಬೆನ್ನಿಗೆ ಮಗ ರಾಜಶೇಖರ ಮನ್ಸೂರರು ಕುಳಿತು ಸಹಗಾಯನ ಮಾಡುತ್ತಿದ್ದರು. ಹಗಲು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ, ಸಂಜೆ ತಂದೆಯ ಹಿಂದೆ ತಂಬೂರಿ. ತಂದೆ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಮಗನ ದನಿ ಬರುತ್ತದೆ. ಆ ಧ್ವನಿಮುದ್ರಣಗಳಲ್ಲಿ ನಾನು ಈಗ ಮನ್ಸೂರರಿಗಿಂತ ಆ ಹಿಂದಿನ ದನಿಯನ್ನು ಹೆಚ್ಚು ಕೇಳುತ್ತೇನೆ: ಎಷ್ಟು ಹಾಡಿ ಎಲ್ಲಿ ಬಿಡಬೇಕು ಎಂಬ ಆ ವಿವೇಕಕ್ಕೆ ಯಾವ ಪ್ರಶಸ್ತಿಯೂ ಇಲ್ಲ. 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದಾಗ ಪಕ್ಕದಲ್ಲಿ ಮಲಮಗಳು ರಾಧಾ ಇದ್ದರು. ಎಂ.ಎಸ್. ಎಂದು ನಾವು ಮನಸ್ಸಿನಲ್ಲಿ ಕೇಳಿಕೊಳ್ಳುವ ದನಿಯಲ್ಲಿ ಒಂದಿಷ್ಟು ರಾಧಾ ಅವರದೂ ಸೇರಿಕೊಂಡಿದೆ. ಸ್ವತಃ ಎಂ.ಎಸ್. ಅವರ ಮೊದಲ ಗುರು, ವೀಣೆ ನುಡಿಸುತ್ತಿದ್ದ ಅವರ ತಾಯಿ ಷಣ್ಮುಖವಡಿವು. ಸಿತಾರ್ ವಾದಕ ರವಿಶಂಕರ್ 2009ರಲ್ಲಿ, ಎಂಬತ್ತೆಂಟರ ಇಳಿವಯಸ್ಸಿನಲ್ಲಿ, ಸಿತಾರ್ ಮತ್ತು ವಾದ್ಯವೃಂದಕ್ಕಾಗಿ ಬರೆದ ಮೂರನೆಯ ದೊಡ್ಡ ರಚನೆಯನ್ನು ನ್ಯೂಯಾರ್ಕಿನಲ್ಲಿ ನುಡಿಸಿದ್ದು ಮಗಳು ಅನೌಷ್ಕಾ. ಅವಳ ಬೆರಳಿಲ್ಲದಿದ್ದರೆ ಆ ವಯಸ್ಸಿನಲ್ಲಿ ಅವರು ಅಂಥದ್ದಕ್ಕೆ ಕೈಹಾಕುತ್ತಿದ್ದರೋ ಇಲ್ಲವೋ.

ಅಪ್ಪ ಮಗಳ ಕಛೇರಿಯೆಂದರೆ ಸಂಘಟಕರಿಗೆ ಬಲು ಅಚ್ಚುಮೆಚ್ಚು. ಕಾರಣ ಕಲೆಯಲ್ಲ. ಒಂದೇ ಕಾರು, ಒಂದೇ ಕೋಣೆ, ಒಂದೇ ಲಕೋಟೆ. ಮಂಗಳೂರಿನ ಒಂದು ಸಂಸ್ಥೆಯವರು ಮೃದಂಗದವರಿಗೆ ಬೇರೆ ಲಕೋಟೆ ಕೊಟ್ಟು, ನಮ್ಮಿಬ್ಬರಿಗೆ ಸೇರಿಸಿ ಒಂದನ್ನು ಅಪ್ಪಯ್ಯನ ಕೈಗೆ ಇಟ್ಟರು. ಬಸ್ಸಿನಲ್ಲಿ ತೆರೆದು ನೋಡಿದರೆ ಮೃದಂಗದವರಿಗೆ ಕೊಟ್ಟಷ್ಟೇ ಇತ್ತು. ಅಪ್ಪಯ್ಯ ಎಣಿಸಿ, ಅರ್ಧವನ್ನು ನನ್ನ ಕೈಗಿಟ್ಟು, "ಇದ್ ಹಾಡಿದ್ದಕ್ಕೆ. ಮಗಳಾದ್ದಕ್ಕೆ ಏನಿಲ್ಲೆ" ಎಂದರು. ಮನೆಯ ವಿಮರ್ಶೆಯನ್ನು ಅಮ್ಮ ಮಾಡುತ್ತಿದ್ದರು. ಅವರು ಯಾರ ಹತ್ತಿರವೂ ಕಲಿತವರಲ್ಲ, ಶೋಭಾನೆ ಮತ್ತು ದೇವರನಾಮ ಬಿಟ್ಟರೆ ಬೇರೇನನ್ನೂ ಹಾಡಿದವರಲ್ಲ. ಆದರೆ ಇಬ್ಬರಲ್ಲಿ ಯಾರ ಶ್ರುತಿ ಎಲ್ಲಿ ಇಳಿಯಿತು ಎಂಬುದನ್ನು ಅನ್ನ ಬಡಿಸುತ್ತ ಹೇಳಿಬಿಡುತ್ತಿದ್ದರು, ಮತ್ತು ಹೆಚ್ಚಾಗಿ ಸರಿಯಾಗಿಯೇ ಹೇಳುತ್ತಿದ್ದರು.

ಒಂದು ನವರಾತ್ರಿಯ ರಾತ್ರಿ, ಬ್ರಹ್ಮಾವರ ಕಡೆಯ ಒಂದು ದೇವಸ್ಥಾನದಲ್ಲಿ ಮೋಹನ ರಾಗದ ಕೃತಿಗೆ ಸ್ವರ ಹಾಕುತ್ತಿದ್ದೆ. ಮೋಹನದಲ್ಲಿ ಇರುವುದು ಐದೇ ಸ್ವರ. ಅಪ್ಪಯ್ಯನ ಪಾಠದಲ್ಲಿ ಧೈವತದಿಂದ ಗಾಂಧಾರಕ್ಕೆ ಇಳಿಯುವಾಗ ಪಂಚಮವನ್ನು ಮುಟ್ಟಿಯೇ ಬರಬೇಕೆಂಬುದು ಕಟ್ಟಪ್ಪಣೆ. "ಮೆಟ್ಟಿಲ್ ಹಾರಿದ್ರೆ ಕಾಲ್ ಮುರಿತ್ತ್" ಎನ್ನುತ್ತಿದ್ದರು. ಅಂದು, ಮೃದಂಗದವರ ನಡೆಯ ಒತ್ತಿಗೋ, ಜ್ವರ ಬಿಟ್ಟೆದ್ದ ಗಂಟಲಿನಲ್ಲಿ ಪಂಚಮ ಹಿಡಿಯುವುದಿಲ್ಲವೆಂಬ ಅಂಜಿಕೆಗೋ, ತಾರ ಷಡ್ಜದಿಂದ ಇಳಿಯುತ್ತ ಧೈವತದಲ್ಲಿ ಒಂದಿಷ್ಟು ಹೆಚ್ಚು ಹೊತ್ತು ನಿಂತು, ಪಂಚಮವನ್ನು ಬಿಟ್ಟು ನೇರವಾಗಿ ಗಾಂಧಾರಕ್ಕೆ ಹಾರಿ, ರಿಷಭದಲ್ಲಿ ಬಿಟ್ಟುಬಿಟ್ಟೆ. ಧಾ ಗಾ ರೀ. ಉತ್ತರ ಬರಲಿಲ್ಲ. ಕಮಾನು ತಂತಿಯಿಂದ ಒಂದು ಬೆರಳಿನಷ್ಟು ಮೇಲೆ ನಿಂತಿತ್ತು. ಒಂದು ಇಡೀ ಆವರ್ತ, ಎಂದರೆ ತಾಳದ ಒಂದು ಸುತ್ತು, ಬರೇ ಮೃದಂಗವೇ ನುಡಿಯಿತು. ತಂತಿ ಕಡಿಯಿತೆಂದು ಎದುರಿನವರು ಕತ್ತು ಎತ್ತಿ ನೋಡಿದರು. ಮರುಆವರ್ತದಲ್ಲಿ ಅವರು ಆ ಮೂರು ಸ್ವರಗಳನ್ನಷ್ಟೇ, ಏನನ್ನೂ ಸೇರಿಸದೆ, ಬಹಳ ಮೆಲ್ಲಗೆ ನುಡಿಸಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಹಿಂದಿನಿಂದ ಬಂದದ್ದು ಅದೇ ಮೊದಲು.

ಸಿಟ್ಟಾಗಿದ್ದಾರೆ ಎಂದೇ ಎಣಿಸಿದೆ. ಮನೆ ಮುಟ್ಟುವಾಗ ಹನ್ನೊಂದು ದಾಟಿತ್ತು. ಪಂಚೆ ಬದಲಿಸದೆ, ಪೆಟ್ಟಿಗೆಯನ್ನು ಬಾಗಿಲಲ್ಲೇ ಇಟ್ಟು, "ಅದನ್ ಇನ್ನೊಂದ್ ಸಲ ಹಾಡ್, ಕಾಂಬ" ಎಂದರು. ನನಗೆ ಬರಲಿಲ್ಲ. ಸ್ವರಗಳು ಅವೇ, ಆದರೆ ಧೈವತದಲ್ಲಿ ಎಷ್ಟು ನಿಂತಿದ್ದೆನೆಂಬುದು ತಪ್ಪಿಹೋಗಿತ್ತು. ಮೂರು ಸಲ ಪ್ರಯತ್ನಿಸಿದೆ. ಕೊನೆಗೆ ಅವರೇ ಪಿಟೀಲು ತೆಗೆದು ಅದನ್ನು ನುಡಿಸಿ ತೋರಿಸಿದರು. ನಾನು ಹಾಡಿದ್ದನ್ನು ನಾನು ಅವರಿಂದ ಪಾಠ ಹೇಳಿಸಿಕೊಂಡೆ. ಆಮೇಲೆ ಬೈಂಡು ಪುಸ್ತಕದ ಕೊನೆಯ ಪುಟಗಳಲ್ಲೊಂದರಲ್ಲಿ ದಿನಾಂಕ ಬರೆದು, ಕೆಳಗೆ ಆ ಸ್ವರಗಳನ್ನು ಗುರುತು ಮಾಡಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಈಗ ಅವರ ಬೆರಳು ನಡುಗುತ್ತದೆ, ಕಛೇರಿ ನಿಂತು ಆರು ವರ್ಷವಾಯಿತು. ಆದರೂ ಅಂಬಲಪಾಡಿಯಿಂದ ಒಬ್ಬ ಹುಡುಗ ಶನಿವಾರ ಪಾಠಕ್ಕೆ ಬರುತ್ತಾನೆ. ಅಪ್ಪಯ್ಯ ಆರಾಮಕುರ್ಚಿಯಲ್ಲಿ ಕುಳಿತು, ಹಳೆಯ ಬೈಂಡು ಪುಸ್ತಕವನ್ನು ಅವನ ಮುಂದಿಟ್ಟು, ಬಾಯಲ್ಲೇ ಹೇಳಿಕೊಡುತ್ತಾರೆ. ಕಳೆದ ತಿಂಗಳು ನಾನು ತವರಿಗೆ ಹೋಗಿದ್ದಾಗ, ಅಡುಗೆಮನೆಯಲ್ಲಿ ಅಮ್ಮನ ಜೊತೆ ಬಸಳೆ ಸೋಸುತ್ತಿದ್ದೆ. ಒಳಗೆ ಮೋಹನ ನಡೆಯುತ್ತಿತ್ತು. ಹುಡುಗ ಧೈವತದಲ್ಲಿ ನಿಂತು, ಗಾಂಧಾರಕ್ಕೆ ಹಾರಿದ.

"ಪಂಚಮ ಎಲ್ಲಿ ಮಾರಾಯ?" ಅಪ್ಪಯ್ಯನ ದನಿ ಗದರಿತು.

"ಪುಸ್ತಕದಲ್ಲಿ ಹೀಗೇ ಉಂಟು ಸರ್."

ಪುಟ ತಿರುಗಿಸುವ ಸದ್ದು, ಕನ್ನಡಕದ ಪೆಟ್ಟಿಗೆ ತೆರೆಯುವ ಸದ್ದು. ಅಮ್ಮ ಬಸಳೆಯ ದಂಟನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ಒಳಗೆ ಒಂದು ಆವರ್ತದಷ್ಟು ಹೊತ್ತು ಏನೂ ಕೇಳಿಸಲಿಲ್ಲ.

"ಹೌದಲ್ಲ. ಹಾಗಾದರೆ ಧೈವತದಲ್ಲಿ ಇನ್ನೂ ಸ್ವಲ್ಪ ನಿಲ್ಲಬೇಕು. ಇನ್ನೊಮ್ಮೆ ನುಡಿಸು" ಎಂದರು ಅಪ್ಪಯ್ಯ.